ನಮ್ಮವರು ಹಡಗಿನಲ್ಲಿ ಡ್ಯೂಟಿ ಮಾಡಿದ್ದು

ನಮ್ಮವರನ್ನು ಕರೆದುಕೊಂಡು ಮಾರ್ಕೆಟ್ಟಿಗೆ ಹೋಗಿ ಒಂದು ಕಟ್ಟು ಕೊತ್ತಂಬರಿ ತಂದರೂ ಏನಾದರೊಂದು ಪ್ರಸಂಗ ಆಗಿಯೇ ಆಗುತ್ತದೆ. ಅಂಥವರನ್ನು ಹಡಗು ಹತ್ತಿಸಿದರೆ ಕೇಳಬೇಕೆ.

ಮೊದಲು ನಮ್ಮ ವಿಷಯ ಹೇಳಿಬಿಡುತ್ತೇನೆ. ನಮ್ಮವರು ಬಸವನಗುಡಿಯ ಒಂದು ಹೋಟೆಲಿನಲ್ಲಿ ಮೀಸೆ ಚಿಗುರಿದಾಗಿನಿಂದ ಮೀಸೆ ನೆರೆಯುವವರೆಗೆ ಸರ್ವರ್ ಆಗಿದ್ದರು. ನಾನು ಚಾಮರಾಜಪೇಟೆಯ ಬಾಡಿಗೆ ಮನೆಯ ಜಗಲಿಯಲ್ಲಿ ಸೀಮೆಎಣ್ಣೆ ಸ್ಟೌ ಇಟ್ಟು ಕೋಡುಬಳೆ ಕರಿಯಲು ಶುರುಮಾಡಿದವಳು. ಇವತ್ತು ಅದೇ ಬೀದಿಯಲ್ಲಿ ನನ್ನ ಹೆಸರಿನ ಬೋರ್ಡು ಹೊತ್ತ ಅಂಗಡಿ ಇದೆ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಕೋಡುಬಳೆ ಕಟ್ಟಲು ತಂದ ಹಳೇ ಪೇಪರನ್ನು ಕಟ್ಟುವ ಮೊದಲು ಓದಿ ಓದಿಯೇ ಅಕ್ಷರ ಹಿಡಿದೆ. ಯಾರ ಮುಂದೆಯೂ ಕೈ ಚಾಚಲಿಲ್ಲ, ನಮ್ಮವರ ಮುಂದೆಯೂ.

ಅವರ ಮೇಲೆ ನನಗಿದ್ದ ದೂರು ಎರಡೇ. ಒಂದು, ಲಾಲ್‌ಬಾಗ್ ಗೇಟಿನ ಹತ್ತಿರ ಬಾ ಎಂದು ಹೇಳಿ ಹೊತ್ತುಗಟ್ಟಲೆ ಕಾಯಿಸುತ್ತಿದ್ದರು. "ಡ್ಯೂಟಿ ಬಿಡ್ಲಿಲ್ಲ ಕಣೇ" ಎಂದು ಓಡಿಬರುತ್ತಿದ್ದರು. ನಾನು ಮನೆ ಮುಟ್ಟುವವರೆಗೂ ಬೈಯುತ್ತಿದ್ದೆ. ಇನ್ನೊಂದು, ಅವರು ಕೂತು ಉಣ್ಣುತ್ತಿರಲಿಲ್ಲ. ಹೋಟೆಲಿನ ಹಿಂದೆ ನಿಂತು ತಿಂದ ಅಭ್ಯಾಸ, ಮನೆಯಲ್ಲೂ ಗೋಡೆಗೆ ಒರಗಿ ನಿಂತೇ ತಟ್ಟೆ ಖಾಲಿ ಮಾಡುತ್ತಿದ್ದರು. ಮದುವೆಮನೆಯಲ್ಲಿ ಎಲೆ ಮುಂದೆ ಕೂರಿಸಿದರೆ ಅನ್ನ ಬೀಳುವಷ್ಟರಲ್ಲಿ ಎದ್ದು ಸಾರಿನ ಬಕೆಟ್ ಹಿಡಿದಿರುತ್ತಿದ್ದರು.

ಈಗ ಅವರ ನೆನಪು ಒಂದೊಂದೇ ಕಳಚಿಕೊಳ್ಳುತ್ತಿದೆ. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. "ಮುಂದೆ ನಿಮ್ಮನ್ನೂ ಗುರುತು ಹಿಡಿಯದೇ ಇರಬಹುದು. ಏನಾದರೂ ಆಸೆ ಇದ್ದರೆ ಈಗಲೇ ತೀರಿಸಿಕೊಳ್ಳಿ" ಎಂದರು. ನನ್ನದು ಒಂದೇ ಆಸೆ. ಬೇರೆಯವರು ಬಡಿಸಬೇಕು, ಅವರು ಕೂತು ಉಣ್ಣಬೇಕು, ನಾನು ಎದುರಿಗೆ ಕೂತು ನೋಡಬೇಕು. ಒಂದು ಸಲ ಸಾಕು. ಆದರೆ ಬೆಂಗಳೂರಿನ ಯಾವ ಹೋಟೆಲಿಗೆ ಕರೆದುಕೊಂಡು ಹೋದರೂ ಸೀದಾ ಅಡುಗೆಮನೆಗೆ ನುಗ್ಗುತ್ತಿದ್ದರು. ದಾರಿ ಗೊತ್ತಿಲ್ಲದ ಜಾಗವೇ ಆಗಬೇಕು ಎಂದು ಹಡಗು ಆರಿಸಿಕೊಂಡೆ.

ಬಿಟ್ಟಿ

ಮಲ್ಲೇಶ್ವರದ ಟ್ರಾವೆಲ್ ಆಫೀಸಿನಲ್ಲಿ ಒಬ್ಬ ಹುಡುಗಿ ಕೂತಿದ್ದಳು. ಮಾತು ಪಟಪಟ.

"ಈ ರೂಮ್ ತಗೊಂಡ್ರೆ ಡ್ರಿಂಕ್ಸ್ ಫ್ರೀ ಅಮ್ಮಾ. ವೈಫೈ ಫ್ರೀ. ಕ್ಯಾಸಿನೊದಲ್ಲಿ ಆಡೋಕೆ ಕ್ರೆಡಿಟ್ ಫ್ರೀ."

"ನಾವು ಕುಡಿಯಲ್ಲ."

"ಕುಡೀದಿದ್ರೂ ಫ್ರೀ ಅಮ್ಮಾ."

"ಹಂಗಾದ್ರೆ ಅದನ್ನ ಕಳೆದು ಹೇಳು."

"ಕಳಿಯೋಕಾಗಲ್ಲ."

"ಕಳಿಯೋಕಾಗಲ್ಲ ಅಂದ್ರೆ ಅದು ಫ್ರೀ ಅಲ್ಲ ಮಗಳೇ, ಮೊದಲೇ ಸೇರಿಸಿದ್ದೀರ. ದೀಪಾವಳಿಗೆ ನಾನೂ ಓಂಪುಡಿ ಫ್ರೀ ಕೊಡ್ತೀನಿ. ನಂಗೆ ಗೊತ್ತಿಲ್ವಾ?"

ಅವಳು ಜೋರಾಗಿ ನಕ್ಕು ಕಾಫಿ ತರಿಸಿದಳು. ಟ್ರೇ ಬಂದದ್ದೇ ತಡ, ನಮ್ಮವರು ಎದ್ದು ತಂದವನ ಕೈಯಿಂದ ಅದನ್ನು ತೆಗೆದುಕೊಂಡರು. ನನಗೆ ಕೊಟ್ಟರು, ಹುಡುಗಿಗೆ ಕೊಟ್ಟರು, ಪಕ್ಕದಲ್ಲಿ ಪಾಸ್‌ಪೋರ್ಟ್ ಹಿಡಿದು ಕಾಯುತ್ತಿದ್ದ ಗಂಡಸಿಗೆ ತಮ್ಮ ಪಾಲಿನ ಲೋಟ ಕೊಟ್ಟು "ಸಕ್ಕರೆ ಕಮ್ಮೀನಾ ಸಾರ್?" ಎಂದರು.

"ಅಯ್ಯೋ ಅಂಕಲ್, ನೀವು ಕೂತ್ಕೊಳಿ" ಎಂದಳು ಹುಡುಗಿ.

ನಮ್ಮವರು ನನ್ನನ್ನು ಕಣ್ಣಲ್ಲೇ ತೋರಿಸಿ, ದನಿ ತಗ್ಗಿಸಿ ಹೇಳಿದರು: "ಕೂರಂಗಿಲ್ಲಮ್ಮಾ. ಮಾಲೀಕರು ಇಲ್ಲೇ ಇದ್ದಾರೆ."

ನೀರು

ಮುಂಬೈಯಲ್ಲಿ ಹಡಗು ಹತ್ತಿದೆವು. ದಡ ಕಣ್ಣಿಂದ ಮರೆಯಾದ ಮೇಲೆ ಅವರನ್ನು ಮೇಲಂತಸ್ತಿನ ಕಟಕಟೆಯ ಹತ್ತಿರ ನಿಲ್ಲಿಸಿದೆ. ಸುತ್ತ ಎಲ್ಲಿ ನೋಡಿದರೂ ಸಮುದ್ರ. ನಾನೂ ಮೊದಲ ಸಲ ನೋಡುತ್ತಿದ್ದೆ.  ಅವರು ಬಹಳ ಹೊತ್ತು ನೋಡಿದರು. ಏನೋ ದೊಡ್ಡದು ಹೇಳುತ್ತಾರೆಂದು ಕಾದೆ.

"ಇಷ್ಟೊಂದು ನೀರು" ಎಂದರು, "ಯಾವ ಟೇಬಲ್ಲಿಗೆ?"

ಟಿಪ್ಸ್

ಊಟದ ಹಾಲ್‌ನಲ್ಲಿ ನಮ್ಮ ಪಕ್ಕದ ಟೇಬಲ್ಲು ಬಸವನಗುಡಿಯವರದೇ. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ರಿಟೈರ್ ಆದವರು, ಅವರ ಹೆಂಡತಿ. ಮ್ಯಾನೇಜರ್‌ಗೆ ಹಡಗಿನ ಸೌಲಭ್ಯಗಳೆಲ್ಲ ಬಾಯಿಪಾಠ. ಎಲ್ಲಿ ಐಸ್‌ಕ್ರೀಂ ಫ್ರೀ, ಯಾವ ಹೊತ್ತಿಗೆ ಸಮೋಸ ಫ್ರೀ, ಎಲ್ಲ ಹೇಳುತ್ತಿದ್ದರು. ಒಂದು ವಿಷಯಕ್ಕೆ ಮಾತ್ರ ಅವರ ಮುಖ ಕೆಂಪಾಗುತ್ತಿತ್ತು. ಹಡಗಿನವರು ತಲೆಗೆ ಇಷ್ಟು ಎಂದು ಟಿಪ್ಸನ್ನು ತಾವೇ ರೂಮಿನ ಬಿಲ್ಲಿಗೆ ಹಾಕಿಬಿಡುತ್ತಾರೆ. ಬೇಡವೆಂದರೆ ಕೌಂಟರಿಗೆ ಹೋಗಿ ತೆಗೆಸಬಹುದು.

"ನಾನು ತೆಗೆಸಿಬಿಟ್ಟೆ" ಎಂದರು. "ನೀವೂ ತೆಗೆಸಿ ಅಮ್ಮಾ. ಟಿಪ್ಸ್ ಅನ್ನೋದು ಖುಷಿಯಿಂದ ಕೊಡೋದು. ಬಿಲ್ಲಿಗೆ ಹಾಕಿದ್ರೆ ಅದು ತೆರಿಗೆ. ಸಂಬಳ ಕೊಡೋದು ಕಂಪನಿ ಕೆಲಸ, ನಮ್ಮದಲ್ಲ."

"ಕಂಪನಿ ಕೊಡಬೇಕು, ನಿಜ" ಎಂದೆ. "ನಮ್ಮವರ ಮಾಲೀಕರೂ ಕೊಡಬೇಕಿತ್ತು. ಕೊಡ್ಲಿಲ್ಲ. ನಾನು ಕೇಳದೇನೇ ಇವ್ರು ನನ್ನ ಮೊದಲನೇ ಸ್ಟೌ ತಂದದ್ದು ತಟ್ಟೆ ಕೆಳಗೆ ಸಿಕ್ಕಿದ ಚಿಲ್ಲರೇಲಿ. ನಿಮ್ಮಂಥೋರು ನ್ಯಾಯ ತೀರ್ಮಾನ ಮಾಡೋವರ್ಗೂ ಕಾದಿದ್ರೆ ನಾನು ಇವತ್ತು ಹಡಗಲ್ಲಿ ಇರ್ತಿರ್ಲಿಲ್ಲ."

"ಅದು ಬೇರೆ, ಇದು ಬೇರೆ."

"ಏನ್ ಬೇರೆ? ಅಲ್ಲಿ ನೆಲ, ಇಲ್ಲಿ ನೀರು."

ನಮಗೆ ಬಡಿಸುತ್ತಿದ್ದವನು ಕಾರವಾರದ ಕಡೆಯವನು, ನಲವತ್ತು ದಾಟಿದವನು, ಕನ್ನಡ ಚೆನ್ನಾಗಿ ಬರುತ್ತಿತ್ತು. "ನೀವೇ ಹೇಳಪ್ಪಾ" ಎಂದೆ. ಅವನು ನಗುತ್ತಲೇ "ಅದೊಂದು ಕೇಳ್ಬೇಡಿ ಅಮ್ಮಾ, ನಾವು ಮಾತಾಡೋ ಹಂಗಿಲ್ಲ" ಎಂದು ನೀರು ತುಂಬಿಸಿದ.

ಅಷ್ಟರಲ್ಲಿ ನಮ್ಮವರು ಕುರ್ಚಿಯಲ್ಲಿ ಇರಲಿಲ್ಲ. ಊಟದ ಕರವಸ್ತ್ರ ಹೆಗಲಿಗೆ ಏರಿತ್ತು. ಕಾರವಾರದವನನ್ನು ಮೂಲೆಗೆ ಕರೆದು ಗುಟ್ಟು ಹೇಳುತ್ತಿದ್ದರು. ಅಡುಗೆಮನೆಗೆ ಕೂಗಿ ಆರ್ಡರ್ ಹೇಳಿ ಪಳಗಿದ ಗಂಟಲು. ಅವರ ಗುಟ್ಟು ಎರಡು ಸಾಲು ಆಚೆಗೂ ಕೇಳುತ್ತದೆ.

"ತಮ್ಮಾ, ಆ ಕನ್ನಡಕದ ಸಾರ್ ಟೇಬಲ್ ಇವತ್ತು ನೀನು ನೋಡ್ಕೊಂಬಿಡು. ನಂಗ್ ಬೇಡ. ಎರಡು ಸಲ ಚಟ್ನಿ ಕೇಳ್ತಾರೆ, ಎದ್ದು ಹೋಗೋವಾಗ ಏನೂ ಇಡಲ್ಲ."

 ಮ್ಯಾನೇಜರ್ ತುತ್ತು ಹಿಡಿದವರು ಹಾಗೇ ಕೂತರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು, ಅಲ್ಲಿ ಭೂಮಿಯೂ ಇರಲಿಲ್ಲ. ಜಗಳವೇ ಆಗುತ್ತದೆ ಎಂದುಕೊಂಡೆ. ಆದರೆ ಅವರ ಹೆಂಡತಿ ನನ್ನ ಕಡೆ ಬಾಗಿ ಬಹಳ ಗಂಭೀರವಾಗಿ ಹೇಳಿದರು:

"ಎರಡಲ್ಲ ಕಣ್ರೀ, ಮೂರು ಸಲ."

ಗಂಟೆ

ಮಾರನೇ ದಿನ ರೂಮಿನ ಬಾಗಿಲಡಿ ಒಂದು ಬಣ್ಣದ ಕಾರ್ಡು ಬಿದ್ದಿತ್ತು. ಇವತ್ತು ಸಂಜೆ ಕ್ಯಾಸಿನೊಗೆ ಬಂದರೆ ಹಡಗಿನ ಖರ್ಚಿನಲ್ಲಿ ಆಡಬಹುದು. ನಾನು ಕಸದ ಬುಟ್ಟಿಗೆ ಹಾಕುವುದರಲ್ಲಿದ್ದೆ. ಎದುರು ರೂಮಿನಿಂದ ಮ್ಯಾನೇಜರ್ ಬಂದರು. ಹಿಂದಿನ ದಿನದ ಚಟ್ನಿಯನ್ನು ಅವರು ಮರೆತಿದ್ದರೋ ಮರೆತಂತೆ ನಟಿಸಿದರೋ, ಮನಸ್ಸು ಮಾತ್ರ ದೊಡ್ಡದು.

"ಬಂದಿದ್ದನ್ನ ಯಾಕ್ ಬಿಡ್ತೀರ? ಯಜಮಾನ್ರಿಗೂ ಒಂದು ಬದಲಾವಣೆ. ಬನ್ನಿ."

ಹೋದೆವು. ಸಾಲಾಗಿ ಮಷೀನುಗಳು, ದೇವಸ್ಥಾನದ ಸೀರಿಯಲ್ ಸೆಟ್ಟಿಗಿಂತ ಜಾಸ್ತಿ ದೀಪ. ನಮ್ಮವರನ್ನು ಒಂದರ ಮುಂದೆ ಕೂರಿಸಿ ಗುಂಡಿ ಒತ್ತಿಸಿದೆವು. ಒಂದು, ಎರಡು. ಮೂರನೆಯದಕ್ಕೆ ಮಷೀನು ಹುಚ್ಚು ಹಿಡಿದಂತೆ ಗಂಟೆ ಬಾರಿಸತೊಡಗಿತು. ಗೆದ್ದಿದ್ದರು!

ಅವರ ಹೋಟೆಲಿನಲ್ಲಿ ದೋಸೆ ರೆಡಿಯಾದಾಗ ಅಡುಗೆಮನೆಯ ಕಿಂಡಿಯಲ್ಲಿ ಗಂಟೆ ಹೊಡೆಯುತ್ತಿದ್ದರು. ನಮ್ಮವರು ಗಡಬಡಿಸಿ ಎದ್ದು "ಬಂದೇ!" ಎಂದು ಕೂಗಿ ಓಡಿದರು. ಹಿಂದೆ ಕ್ಯಾಸಿನೊದ ಕೋಟಿನವನು "ಸರ್, ಸರ್, ಯೂ ವನ್!" ಎಂದು ಓಡಿದ. ಅವರು ತಿರುಗದೆಯೇ "ಒಂದ್ನಿಮಿಷ ಸಾರ್, ನಿಮ್ಮದೇ ತರ್ತಾ ಇದೀನಿ" ಎಂದರು.

ಕೊನೆಗೆ ಸಿಕ್ಕಿದ್ದು ಊಟದ ಹಾಲ್‌ನ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ. ಬಾಗಿಲು ಮುಚ್ಚಿತ್ತು. ಅದರ ಮುಂದೆ ಎರಡು ಕೈ ಚಾಚಿ, ಆರ್ಡರಿಗಾಗಿ ನಿಂತಿದ್ದರು. ನಾನು ಹತ್ತಿರ ಹೋಗಿ ತೋಳು ಹಿಡಿದೆ. ಮೆಲ್ಲಗೆ ಬಿಡಿಸಿಕೊಂಡರು.

"ಇಲ್ಲಿ ಕಸ್ಟಮರ್ ಬರಂಗಿಲ್ಲ ಅಮ್ಮಾ. ನೀವು ಹೋಗಿ ಕೂತ್ಕೊಳಿ, ತಂದ್ಕೊಡ್ತೀನಿ."

ಅವರು ನನ್ನನ್ನು ಕಣೇ ಎಂದಿದ್ದಾರೆ, ಲೇ ಎಂದಿದ್ದಾರೆ, ಸಿಟ್ಟಿನಲ್ಲಿ ಮಾರಾಯ್ತಿ ಎಂದಿದ್ದಾರೆ. ಅಮ್ಮಾ ಎಂದದ್ದು ಅದೇ ಮೊದಲು. ಡಾಕ್ಟರು ಹೇಳಿದ ದಿನ ಬಂದಿತ್ತು, ಸಮುದ್ರದ ನಡುವೆ. ನಾನು ಅಲ್ಲೇ ಗೋಡೆಗೆ ಒರಗಿ ನಿಂತೆ. ನಮ್ಮಿಬ್ಬರಲ್ಲಿ ಗೋಡೆಗೆ ಒರಗುವವರು ಯಾವಾಗಲೂ ಅವರಾಗಿದ್ದರು.

ವಾಪಸ್ ಬರುವಷ್ಟರಲ್ಲಿ ನಮ್ಮವರ ಮಷೀನಿನ ಮುಂದೆ ಮ್ಯಾನೇಜರ್ ಕೂತಿದ್ದರು. ಗಂಟೆ ನಿಂತಿತ್ತು, ದೀಪಗಳೂ ಸುಮ್ಮನಾಗಿದ್ದವು.

"ಸಾರಿ ಅಮ್ಮಾ" ಎಂದರು, ಮುಖ ಸಪ್ಪಗೆ ಮಾಡಿಕೊಂಡು. "ಹೆಂಗೆ ಕೆಲಸ ಮಾಡತ್ತೆ ನೋಡೋಣ ಅಂತ ಗುಂಡಿ ಒತ್ತಿದೆ. ಗೆದ್ದಿದ್ದೆಲ್ಲ ಹೋಯ್ತು."

"ಹೋಗ್ಲಿ ಬಿಡಿ ಸಾರ್" ಎಂದೆ. "ನಿಮ್ಮ ಕೈಯಿಂದ ಹಡಗಿಗೆ ಟಿಪ್ಸ್ ಹೋಯ್ತು ಅಂತ ಇಟ್ಕೊಳ್ಳೋಣ."

ರಶ್ ಟೈಮು

ವಾಪಸ್ ಮುಂಬೈ ಮುಟ್ಟುವ ದಿನ ಬೆಳಗ್ಗೆ ತಿಂಡಿ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಳಿಯುವ ಮೊದಲು ಎಲ್ಲರಿಗೂ ಇನ್ನೊಂದು ಸಲ ಫ್ರೀ ತಿಂಡಿ ಬೇಕು. ಒಂದೊಂದು ಕುರ್ಚಿಯ ಹಿಂದೆ ಇಬ್ಬರು ನಿಂತು ತಿನ್ನುವವರ ತಟ್ಟೆ ನೋಡುತ್ತಿದ್ದರು. ಥೇಟ್ ನಮ್ಮವರ ಹೋಟೆಲಿನ ಭಾನುವಾರದ ಹಾಗೆ.

ಕಿಟಕಿ ಪಕ್ಕ ಇಬ್ಬರ ಟೇಬಲ್ಲು ಸಿಕ್ಕಿತು. ಕೂತದ್ದು ನಾನೊಬ್ಬಳೇ. ಅವರು ಕರವಸ್ತ್ರ ಹೆಗಲಿಗೆ ಹಾಕಿ ಆಗಲೇ ಡ್ಯೂಟಿಗೆ ಹೊರಟಿದ್ದರು. ಈ ಹಡಗಿನಲ್ಲಿ ಒಂದು ಊಟವನ್ನೂ ಅವರು ಪೂರ್ತಿ ಕೂತು ಉಂಡಿರಲಿಲ್ಲ. ನಾನು ಆಸೆ ಬಿಟ್ಟಿದ್ದೆ. ಕಿಟಕಿಯಲ್ಲಿ ನೀರು ನೋಡುತ್ತಾ ಕೂತಿದ್ದೆ.

"ಏನ್ ಕೊಡ್ಲಿ ಅಮ್ಮಾ? ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಪೂರಿ, ಸೆಟ್ ದೋಸೆ ಇದೆ, ಮಸಾಲೆ ಲೇಟಾಗತ್ತೆ."

ಒಂದೇ ಉಸಿರು. ಮನೆಯ ಬಾಗಿಲು ಯಾವುದೆಂದು ಮರೆತವರು ಇದರಲ್ಲಿ ಒಂದು ವಡೆಯನ್ನೂ ಬಿಟ್ಟಿರಲಿಲ್ಲ. ತಲೆಯೆತ್ತಿ ನೋಡಿದೆ. ಹೊಸ ಗಿರಾಕಿಯನ್ನು ನೋಡುವ ಹಾಗೆ, ಮರ್ಯಾದೆಯಿಂದ ನೋಡುತ್ತಿದ್ದರು.

"ಒಬ್ರೇನಾ?"

"ಇಲ್ಲ. ನಮ್ಮೆಜಮಾನ್ರು ಬರ್ಬೇಕು."

"ಎಲ್ಲಿದ್ದಾರೆ?"

"ಡ್ಯೂಟೀಲಿದ್ದಾರೆ."

"ಹಂಗಾದ್ರೆ ಸೀಟು ಹಿಡಿದಿಡ್ತೀನಿ." ಎದುರು ಕುರ್ಚಿಯ ಮುಂದೆ ನೀರಿನ ಲೋಟ ಇಟ್ಟರು. ಅದು ಅವರ ಹೋಟೆಲಿನ ಪದ್ಧತಿ. ಸರ್ವರ್ ಲೋಟ ಇಟ್ಟ ಜಾಗ ಇನ್ನೊಬ್ಬರದು, ಎಂಥ ರಶ್ಶಿನಲ್ಲೂ ಅಲ್ಲಿ ಯಾರೂ ಕೂರುವುದಿಲ್ಲ. ಬಸವನಗುಡಿಯಲ್ಲಿ ಮಕ್ಕಳಿಗೂ ಗೊತ್ತು. ಹಡಗಿನಲ್ಲಿ ಯಾರಿಗೆ ಗೊತ್ತು? ಎರಡು ಕೈಯಲ್ಲಿ ಎರಡು ತಟ್ಟೆ ಹಿಡಿದ ಒಬ್ಬ ದಪ್ಪನೆಯ ಆಸಾಮಿ ಬಂದ. ಮೊಣಕೈಯಿಂದ ಲೋಟವನ್ನು ಸರಿಸಿದ, ಕಾಲಿನಿಂದ ಕುರ್ಚಿ ಎಳೆದ.

"ಸಾರ್, ಇಲ್ಲಿ ಜನ ಇದ್ದಾರೆ ಸಾರ್!" ಎಂದರು ನಮ್ಮವರು.

ಅವನಿಗೆ ಅರ್ಥವಾಗಲಿಲ್ಲ. ಇನ್ನೇನು ಕೂರಬೇಕು, ನಮ್ಮವರು ನಡುವೆ ನುಸುಳಿ ತಾವೇ ಕೂತುಬಿಟ್ಟರು.

ಆಸಾಮಿ ಗೊಣಗಿಕೊಂಡು ಹೋದ. ನಮ್ಮವರು ಕುರ್ಚಿಯ ತುದಿಯಲ್ಲಿ ಕೂತು, ಅತ್ತಿತ್ತ ನೋಡಿ ಹೇಳಿದರು: "ಅಮ್ಮಾ, ನಿಮ್ಮೆಜಮಾನ್ರು ಬರೋವರ್ಗೂ ನಾನೇ ಇಲ್ಲಿರ್ತೀನಿ. ಇಲ್ದಿದ್ರೆ ಇವ್ರು ಬಿಡಲ್ಲ. ಮಾಲೀಕರು ಕೇಳಿದ್ರೆ ನೀವೇ ಹೇಳ್ಬೇಕು."

"ಹೇಳ್ತೀನಿ. ಆದ್ರೆ ರಶ್ ಟೈಮಲ್ಲಿ ಸುಮ್ನೆ ಕೂತ್ರೆ ಬೈಯಲ್ವಾ? ಏನಾದ್ರೂ ತಿಂತಾ ಇರಿ."

ಸ್ವಲ್ಪ ಯೋಚಿಸಿದರು. "ಅದೂ ನಿಜ."

ಕಾರವಾರದವನು ದೂರದಿಂದ ನೋಡುತ್ತಿದ್ದ.  ಎರಡು ಇಡ್ಲಿ, ಒಂದು ವಡೆ ತಂದು ಇಟ್ಟ. ಬಾಗಿ, ಸೌಟಿನಿಂದ ಸಾಂಬಾರ್ ಹಾಕಿದ. ನಮ್ಮವರು ಇಡ್ಲಿ ಮುರಿದರು. ಮೊದಲು ಗಡಬಡಿಸಿ, ಆಮೇಲೆ ನಿಧಾನವಾಗಿ. ಕುರ್ಚಿಯ ತುದಿಯಿಂದ ಹಿಂದಕ್ಕೆ ಸರಿದು ಬೆನ್ನು ಒರಗಿಸಿದರು. ವಡೆಯನ್ನು ಸಾಂಬಾರಿನಲ್ಲಿ ಅದ್ದಿ ಕಣ್ಣು ಮುಚ್ಚಿದರು. ಅವನು ಮತ್ತೆ ಬಂದಾಗ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು "ಸಾಕಪ್ಪಾ" ಎಂದರು, ಜೀವಮಾನವೆಲ್ಲ ಬಡಿಸಿಕೊಂಡು ಉಂಡವರ ಹಾಗೆ. ನನ್ನ ಇಡ್ಲಿ ಆರಿ ತಣ್ಣಗಾಯಿತು. ನನಗೆ ಅದು ಬೇಕಿರಲಿಲ್ಲ.

ಕಾಫಿಯೂ ಆಯಿತು. ನಾನು ಒಂದು ನೋಟು ತೆಗೆದು ಅವರ ತಟ್ಟೆ ಕೆಳಗೆ ಇಟ್ಟೆ. ಅವರು ಅದನ್ನು ಎತ್ತಿ ಕಾರವಾರದವನ ಜೇಬಿಗೆ ಹಾಕಿದರು. "ನಿಂದು ತಮ್ಮಾ. ಕೂತಿದ್ದವನು ನಾನು, ಓಡಾಡಿದವನು ನೀನು."

ಪಕ್ಕದ ಟೇಬಲ್ಲಿನಿಂದ ಮ್ಯಾನೇಜರ್ ಹೆಂಡತಿಗೆ ಹೇಳುವುದು ಕೇಳಿಸಿತು: "ನೋಡಿದ್ಯಾ, ಟಿಪ್ಸ್ ಅವ್ರಿಗೂ ಇಷ್ಟ ಇಲ್ಲ."

ನಮ್ಮವರು ಎದ್ದರು. ಹೆಗಲ ಬಟ್ಟೆಯಿಂದ ತಾವು ಕೂತಿದ್ದ ಜಾಗ ಒರೆಸಿದರು. ಬಾಗಿಲ ಕಡೆ ನೋಡಿದರು.

"ಬರ್ಲೇ ಇಲ್ವಲ್ಲಮ್ಮಾ ನಿಮ್ಮೆಜಮಾನ್ರು."

"ಬರ್ಲಿಲ್ಲ."

"ಬಂದ್ಮೇಲೆ ಬೈಬೇಡಿ. ಡ್ಯೂಟಿ ಬಿಟ್ಟಿರಲ್ಲ, ಪಾಪ."

"ಇಲ್ಲ, ಬೈಯಲ್ಲ" ಎಂದೆ.  ಅವರು ಖಾಲಿ ಲೋಟಗಳನ್ನು ಬೆರಳುಗಳಲ್ಲಿ ಸಿಕ್ಕಿಸಿಕೊಂಡು ಹೊರಟವರು, ಎರಡು ಹೆಜ್ಜೆ ಇಟ್ಟು ತಿರುಗಿ ನಿಂತು ನಕ್ಕರು.

"ಎಲ್ರೂ ಹಂಗೇ ಅಂತೀರಮ್ಮಾ. ಆಮೇಲೆ ಮನೆ ಮುಟ್ಟೋವರ್ಗೂ ಬೈತೀರ. ನಮ್ಮನೇಲೂ ಒಬ್ಬಳಿದ್ದಾಳೆ, ನಂಗೆ ಗೊತ್ತಿಲ್ವಾ?"