ರೇಡಿಯೋ ತಂದ ಸಾಹುಕಾರ್ರು

ಕಾಫಿ ಎಸ್ಟೇಟಿನಲ್ಲಿ ನಗು ಬರುವಂಥದ್ದು ದಿನಾ ನಡೆಯುತ್ತಲೇ ಇರುತ್ತದೆ. ಸಾಹುಕಾರ್ರ ಎದುರು ನಗುವ ಹಾಗಿಲ್ಲ, ಅಷ್ಟೇ. ಮಲ್ಲಂದೂರಿನ ಕಡೆಯ ಒಂದು ತೋಟದಲ್ಲಿ ನಾನು ಲೆಕ್ಕ ಬರೆಯುವ ರೈಟರಾಗಿದ್ದೆ. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮೊದಲಿನ ಮಾತು. ನಮ್ಮ ಸಾಹುಕಾರ್ರು ರೇಡಿಯೋ ತಂದ ಮೇಲಂತೂ ನಗು ತಡೆದುಕೊಳ್ಳುವುದೇ ನನಗೆ ದೊಡ್ಡ ಕೆಲಸವಾಯಿತು.

ಎತ್ತರದ ಬಿದಿರು

ನಮ್ಮ ಗುಡ್ಡಕ್ಕೆ ಕರೆಂಟು ಬಂದಿರಲಿಲ್ಲ. ರೇಡಿಯೋ ಕಾರಿನ ಬ್ಯಾಟರಿಯಲ್ಲಿ ನಡೆಯುತ್ತಿತ್ತು. ಹಾಡು ಹಿಡಿಯಲು ಅಂಗಳದಲ್ಲಿ ಎರಡು ಬಿದಿರು ನೆಟ್ಟು ತಂತಿ ಕಟ್ಟಿಸಿದ್ದೆ. ಪಕ್ಕದ ತೋಟದವರಲ್ಲೂ ರೇಡಿಯೋ ಇತ್ತು. ಅವರ ಬಿದಿರು ನಮ್ಮದಕ್ಕಿಂತ ಎತ್ತರ.

“ರೈಟ್ರೇ, ಹಾಡು ಮೊದಲು ಅವರ ಮನೆಗೆ ಹೋಗಿ ಆಮೇಲೆ ನಮ್ಮನೆಗೆ ಬರುತ್ತೋ?”

“ಇಲ್ಲ ಸಾಹುಕಾರ್ರೇ, ಎರಡು ಕಡೆಗೂ ಒಂದೇ ಸಲ.”

“ಅದು ಹೆಂಗ್ರೀ ಆಗುತ್ತೆ? ಅವರು ಕೇಳಿ ಬಿಟ್ಟಿದ್ದನ್ನ ನಾನು ಕೇಳಬೇಕಾ?”

ಮಾರನೇ ದಿನವೇ ಉದ್ದದ ಬಿದಿರು ಬಂತು. ಅವರೂ ಏರಿಸಿದರು, ನಾವೂ ಏರಿಸಿದೆವು. ಕೊನೆಗೊಂದು ದಿನ ಗಾಳಿಮಳೆಗೆ ನಮ್ಮ ಬಿದಿರು ಮುರಿದು ಮಾಡಿನ ಮೇಲೆ ಬಿತ್ತು. ಹಂಚು ಪುಡಿಯಾಗಿ ಮಳೆಯೆಲ್ಲ ಒಳಗೆ. ಸಾಹುಕಾರ್ರು ರೇಡಿಯೋಕ್ಕೆ ಕೊಡೆ ಹಿಡಿದು ತಾವು ನೆನೆಯುತ್ತಾ ಹೇಳಿದರು: “ಬಿದ್ದರೆ ಬೀಳಲಿ, ಬೀಳುವಾಗ ನಮ್ಮದೇ ಎತ್ತರ ಇತ್ತು.”

ಪಾಲುದಾರರು

ರೇಡಿಯೋ ಇಟ್ಟುಕೊಳ್ಳಲು ಆಗ ಪೋಸ್ಟಾಫೀಸಿನಲ್ಲಿ ಲೈಸೆನ್ಸು ಮಾಡಿಸಬೇಕಿತ್ತು. ಮಾಡಿಸಿದ ದಿನದಿಂದ ಸಾಹುಕಾರ್ರಿಗೆ ಸ್ಟೇಷನ್ನಿನಲ್ಲಿ ತಮಗೂ ಪಾಲಿದೆ ಅನ್ನುವ ಭಾವನೆ. ಒಂದು ಸಂಜೆ ವಿದ್ವಾಂಸರೊಬ್ಬರ ಸಂಗೀತ ಕಚೇರಿ ಬರುತ್ತಿದ್ದಾಗ ನೆಂಟರು ಬಂದರು. “ಸ್ವಲ್ಪ ನಿಲ್ಲಿಸ್ರಿ,” ಅಂದರು ಸಾಹುಕಾರ್ರು. ಆರಿಸಿದೆ. ಕಾಫಿ ಆಯಿತು, ಮಾತಾಯಿತು, ನೆಂಟರು ಹೊರಟರು. ಮತ್ತೆ ಹಾಕಿದರೆ ಯಾರೋ ಗೊಬ್ಬರದ ಬಗ್ಗೆ ಭಾಷಣ ಮಾಡುತ್ತಿದ್ದಾರೆ!

“ಹಾಡುತ್ತಿದ್ದೋರು ಎಲ್ರೀ?”

“ಮುಗಿಸಿ ಹೋದರು.”

ಸಾಹುಕಾರ್ರ ಮುಖ ಕೆಂಪಾಯಿತು. “ನಿಲ್ಲಿಸಿ ಅಂದಿದ್ದೆ ಕಣ್ರೀ. ಹೋಗಿ ಅಂದಿದ್ನಾ?”

ಕಂಬಳಿ ಬದಲು ಸಂಗೀತ

ಆ ವರ್ಷ ಚಳಿ ಜೋರು. ಕಣದಲ್ಲಿ ಕೂತು ಕಾಫಿ ಹಣ್ಣಿನಿಂದ ಕಾಯಿ ಬೇರೆ ಮಾಡುತ್ತಿದ್ದ ಹೆಂಗಸರು ಕಂಬಳಿ ಕೇಳಿದರು. ಸಾಹುಕಾರ್ರು ಯೋಚನೆ ಮಾಡಿ ರೇಡಿಯೋ ಹೊರಗೆ ಇಡಿಸಿದರು. ಸಂಗೀತ ಕೇಳಿದರೆ ಕೈ ಚುರುಕಾಗುತ್ತದೆ, ಕೈ ಚುರುಕಾದರೆ ಚಳಿ ಬಿಡುತ್ತದೆ ಅಂತ ಅವರ ಲೆಕ್ಕ.

ಗಾಯಕರು ಆಲಾಪನೆ ಎಳೆದರು. ಹೆಂಗಸರೆಲ್ಲ ಕೈ ಕಟ್ಟಿ ಕೂತರು. ಮೇಸ್ತ್ರಿ ಗದರಿದ: “ಯಾಕೆ, ಕೈ ಓಡ್ತಿಲ್ವಾ?”

ಹಿರಿಯ ಹೆಂಗಸು ಅಂದಳು, “ಹಾಡೋರಿಗೇ ಇನ್ನೂ ಮಾತು ಹೊರಡ್ಲಿಲ್ಲ ಮಾರಾಯ. ಅವರು ಶುರು ಮಾಡ್ಲಿ, ನಾವೂ ಮಾಡ್ತೀವಿ.”

ಸಾಹುಕಾರ್ರು ಓಡಿ ಬಂದರು. “ಬೇಗ ಬೇಗ ಹಾಡೋರನ್ನ ಹಾಕ್ರಿ ರೈಟ್ರೇ!” ಅಷ್ಟರಲ್ಲಿ ಪುಣ್ಯಕ್ಕೆ ಮೃದಂಗ ಶುರುವಾಯಿತು. ಹೆಂಗಸರು ಬುಟ್ಟಿ ಪಕ್ಕಕ್ಕಿಟ್ಟು ತಾಳ ಹಾಕತೊಡಗಿದರು. ಸಾಹುಕಾರ್ರು ಕೆಕ್ಕರಿಸಿ ನೋಡಿದಾಗ ಅದೇ ಹಿರಿಯ ಹೆಂಗಸು ವಿನಯವಾಗಿ ಹೇಳಿದಳು: “ಏನ್ಮಾಡೋದು ಅಯ್ಯಾ, ಇದಕ್ಕೆ ಎರಡೂ ಕೈ ಬೇಕಾಗುತ್ತೆ.”

ಅದೇ ವಾರ ಕಂಬಳಿ ಬಂತು.

ಸಾಹುಕಾರ್ರ ಕಚೇರಿ

ಬಯಲುಸೀಮೆಯ ಒಂದು ಊರಿನಲ್ಲಿ ಒಬ್ಬರು ಸ್ವಂತ ಖರ್ಚಿನಲ್ಲಿ ಪುಟ್ಟ ಸ್ಟೇಷನ್ನು ನಡೆಸುತ್ತಿದ್ದರು. ಸಾಹುಕಾರ್ರು ಜರಿ ಪೇಟ ಸುತ್ತಿಕೊಂಡು ಅಲ್ಲಿಗೇ ಹೋಗಿ, “ಈ ಸ್ಟೇಷನ್ನು ಕ್ರಯಕ್ಕೆ ಕೊಡ್ತೀರಾ?” ಅಂತ ಕೇಳಿಬಿಟ್ಟರಂತೆ. ಕೊಡುವುದಿಲ್ಲ ಅಂದರೂ ಕದಲಲಿಲ್ಲ. ಕೊನೆಗೆ ಸ್ಟೇಷನ್ನಿನವರು, “ಬರುವ ಭಾನುವಾರ ಒಂದು ದೇವರನಾಮ ಹಾಡಿ, ಆಮೇಲೆ ಊರಿಗೆ ಹೋಗಿ,” ಅಂದರಂತೆ.

ಭಾನುವಾರ ಜಗಲಿ ತುಂಬ ಜನ. ಸಾಹುಕಾರ್ರ ಹೆಂಡತಿ ಅಮ್ಮಾವ್ರು ರೇಡಿಯೋ ಪಕ್ಕದಲ್ಲೇ ಕೂತಿದ್ದರು. ಪಾಪ, ಗಂಡನ ಎದುರು ಅವರ ಒಂದು ಮಾತೂ ಪೂರ್ತಿಯಾದದ್ದನ್ನು ನಾನು ಕೇಳಿರಲಿಲ್ಲ. ಸಾಹುಕಾರ್ರ ಹಾಡು ಶುರುವಾಯಿತು. ನಾಯಿ ಎದ್ದು ತೋಟಕ್ಕೆ ಹೋಯಿತು. ಅದರಷ್ಟು ಸ್ವಾತಂತ್ರ್ಯ ನಮಗಿರಲಿಲ್ಲ. ಎಲ್ಲರೂ ಹಲ್ಲು ಕಚ್ಚಿ ತಲೆದೂಗಿದೆವು.

ಅಮ್ಮಾವ್ರು ನನ್ನ ಕಡೆ ತಿರುಗಿದರು. “ರೈಟ್ರೇ, ಇದನ್ನ ಆರಿಸೋ ಗುಂಡಿ ಯಾವುದು?”

ತೋರಿಸಿದೆ. ಅವರು ನಿಧಾನವಾಗಿ ತಿರುಗಿಸಿದರು. ಟಿಕ್! ಸಾಹುಕಾರ್ರು ನಡುಸಾಲಿನಲ್ಲೇ ನಿಂತರು. ಅಮ್ಮಾವ್ರು ಕಾಲು ಚಾಚಿ, ಎಲೆಗೆ ಸುಣ್ಣ ಹಚ್ಚಿ, ಎಲ್ಲರ ಯೋಗಕ್ಷೇಮ ವಿಚಾರಿಸಿದರು.

ಊರಿಗೆ ಬಂದ ಸಾಹುಕಾರ್ರು ಚಪ್ಪಲಿ ಬಿಡುವ ಮೊದಲೇ ಕೇಳಿದರು, “ಹೇಗಿತ್ತೇ?”

“ಮದುವೆಯಾದಾಗಿನಿಂದ ಮನೇಲಿ ಇಷ್ಟು ನೆಮ್ಮದಿ ಇರಲಿಲ್ಲ,” ಅಂದರು ಅಮ್ಮಾವ್ರು. “ಪ್ರತಿ ಭಾನುವಾರ ಹಾಡೋಕೆ ಬಿಡ್ತಾರೋ, ಕೇಳಿ ನೋಡಿ.”