ಕುನ್‌ಶಾನ್ ತಿದ್ದುತ್ತಿದ್ದಾರೆ, ಆದರೂ ತೆರೆಯಲೇ?

ಕಪ್ಪು ಪರದೆಯಲ್ಲಿ ವಾಸವಾಗಿರುವ, ಅಕ್ಷರ ತಿದ್ದುವುದೇ ಕಸುಬಾಗಿರುವ, ಹಗುರದಲ್ಲಿ ಅತಿ ಹಗುರರಾದ ಎಡಿಟರ್ ತಂತ್ರಾಂಶದ ಸನ್ನಿಧಿಗೆ,

ಮಾನ್ಯರೇ,

ತೈನಾನ್ ಊರಿನ ಬೆಳಗಿನ ಮಾರುಕಟ್ಟೆಯಲ್ಲಿ ಬಟ್ಟಲು ಕಡುಬು ಬೇಯಿಸಿ ಮಾರುವ ಯೇ ಶಿಯುಚಿನ್ ಎಂಬ ನಾನು ತಲೆಬಾಗಿ ಮಾಡುವ ನಮಸ್ಕಾರಗಳು. ನಾನು ಹೆಚ್ಚು ಓದಿದವಳಲ್ಲ. ದಿನಚರಿ ಬಿಟ್ಟರೆ ಬೇರೆ ಬರೆದು ಗೊತ್ತಿಲ್ಲ. ತಮ್ಮಂಥ ದೊಡ್ಡವರಿಗೆ, ಕ್ಷಮಿಸಿ, ತಮ್ಮಂಥ ಚಿಕ್ಕವರಿಗೆ ಪತ್ರ ಬರೆಯುವ ಕ್ರಮದಲ್ಲಿ ತಪ್ಪಿದ್ದರೆ ಮನ್ನಿಸಬೇಕು. ಚಿಕ್ಕವರಾಗಿರುವುದೇ ತಮ್ಮ ಹೆಗ್ಗಳಿಕೆಯೆಂದು ನಮ್ಮ ಮನೆಯವರು ಹೇಳುತ್ತಿದ್ದರು.

ನಮ್ಮ ಮನೆಯವರು ಎಂದರೆ ತೂ ಕುನ್‌ಶಾನ್. ಅವರು ಊಟದ ಹೊತ್ತಿನಲ್ಲೂ ತಮ್ಮ ಗುಣಗಾನ ಬಿಟ್ಟವರಲ್ಲ. ಎಷ್ಟು ಹಳೆಯ ಕಂಪ್ಯೂಟರಾದರೂ ರೆಪ್ಪೆ ಮಿಟುಕಿಸುವುದರೊಳಗೆ ಎದ್ದು ಕೂರುತ್ತೀರಂತೆ, ತಮಗೆ ಮೌಸ್ ಬೇಡವಂತೆ, ಚಿತ್ರಗಳ ಆಡಂಬರ ಬೇಡವಂತೆ, ಯಾವ ಕೀಲಿ ಒತ್ತಿದರೆ ಏನಾಗುತ್ತದೆಂದು ಪರದೆಯ ಬುಡದಲ್ಲಿ ತಾವೇ ಬರೆದಿಟ್ಟುಕೊಂಡಿರುತ್ತೀರಂತೆ. "ನೋಡೇ, ಒಂದು ಫೋಟೋಗಿಂತ ಹಗುರ ಇದು," ಎನ್ನುತ್ತಿದ್ದರು. ಈಗ ಅವರ ಫೋಟೋ ಗೋಡೆಯ ಮೇಲಿದೆ. ಯಾವುದು ಹಗುರವೆಂದು ತೂಗಿ ನೋಡಲು ನನಗೆ ಪುರುಸೊತ್ತಾಗಿಲ್ಲ.

ಮಾರುಕಟ್ಟೆಯ ಬಾಗಿಲ ಮೇಲೆ ಕೆಂಪು ಅಕ್ಷರಗಳು ಓಡುವ ಬೋರ್ಡು ತಮಗೆ ಗೊತ್ತೇ ಇದೆ. ನಮ್ಮ ಅಂಗಡಿಯ ಹಿಂದಿನ ತಗಡಿನ ಕೋಣೆಯ ಕಂಪ್ಯೂಟರಿನಲ್ಲಿ ಅವರು ಏನು ಬರೆದು ಉಳಿಸುತ್ತಿದ್ದರೋ ಅದು ಆ ಬೋರ್ಡಿನ ಮೇಲೆ ಓಡುತ್ತಿತ್ತು. ಕಣ್ಣಾರೆ ನೋಡದ ಒಂದು ಮಾತನ್ನೂ ಅವರು ಅಲ್ಲಿ ಬರೆಯುತ್ತಿರಲಿಲ್ಲ. ಮಾವು ಬಂತೆಂದು ಯಾರಾದರೂ ಹೇಳಿದರೆ ಬುಟ್ಟಿಯ ತನಕ ಹೋಗಿ ಮೂಸಿ ಬಂದು ಬರೆಯುವವರು. ಒಂದು ಸಂಜೆ ನೀರು ಸರಬರಾಜಿನ ಪ್ರಕಟಣೆ ಬಂತು. "ನಾಳೆ ನೀರು ಬರುವುದಿಲ್ಲ, ಇಂದೇ ತುಂಬಿಸಿಟ್ಟುಕೊಳ್ಳಿ" ಎಂದು ಬರೆದು ಉಳಿಸಿದರು. ಮರುದಿನ ನೀರು ನಿಂತಿತು, ಮಧ್ಯಾಹ್ನಕ್ಕೆ ಮತ್ತೆ ಬಂತು, ಮೊದಮೊದಲು ಕೊಳವೆಯ ತುಕ್ಕು ಕಲಸಿ ಕೆಂಪಗೆ. ಅವರು ಸಾಲು ಬದಲಿಸಲು ತಮ್ಮನ್ನು ತೆರೆದು ಕುಳಿತು ಒಳಗಿನಿಂದ ಕೂಗಿದರು: "ಶಿಯುಚಿನ್, ಕೆಂಪು ನೀರು ಹೋಯ್ತೇನೇ?"

"ಹೋಯ್ತು ರೀ, ಬರೆದುಬಿಡಿ."

"ನಿನ್ನ ಕಣ್ಣು ಹಬೆ ಕುಡಿದು ಮಂಜಾಗಿದೆ. ತಾಳು, ನಾನೇ ನೋಡ್ತೀನಿ."

ನನ್ನ ಮಾತು ನಂಬದೆ ಎದ್ದರು. ನಲ್ಲಿಯ ತನಕ ಬರಲಿಲ್ಲ. ಆಂಬುಲೆನ್ಸಿನವರಿಗೆ ದಾರಿ ಮಾಡುವ ಗಡಿಬಿಡಿಯಲ್ಲಿ ಯಾರದೋ ಕಾಲಿಗೆ ತಂತಿ ಸಿಕ್ಕಿ ತಾವೂ ಆರಿಹೋದಿರಿ. ವ್ಯತ್ಯಾಸವಿಷ್ಟೇ, ತಮ್ಮನ್ನು ಮತ್ತೆ ಹಚ್ಚಲು ಬಂತು.

ಕ್ರಿಯೆಗಳೆಲ್ಲ ಮುಗಿದ ಮೇಲೆ ಕಂಪ್ಯೂಟರ್ ಹಚ್ಚಿದೆ. ಬೋರ್ಡು ತನ್ನ ಪಾಡಿಗೆ ನಾಳೆ ನೀರಿಲ್ಲವೆಂದು ಓಡತೊಡಗಿತು. ತಿದ್ದೋಣವೆಂದು ಕಡತ ತೆರೆಯಹೋದಾಗ ತಾವು ಪರಮ ಸೌಜನ್ಯದಿಂದ ಹೀಗೆ ಕೇಳಿದಿರಿ: "ಈ ಕಡತವನ್ನು ಕುನ್‌ಶಾನ್ ತಿದ್ದುತ್ತಿದ್ದಾರೆ. ಆದರೂ ತೆರೆಯಲೇ?"

ಒಬ್ಬರು ಬರೆಯುತ್ತಿರುವುದಕ್ಕೆ ಇನ್ನೊಬ್ಬರು ಕೈಹಾಕಿ ಕೆಡಿಸಬಾರದೆಂದು ತಾವಿಟ್ಟುಕೊಂಡಿರುವ ಕಾವಲಿನ ಗುಣವಂತೆ ಇದು. ಎಂಥ ನಿಷ್ಠೆ! ಆಸ್ಪತ್ರೆಯವರಿಗೆ ತಿಳಿಯಿತು, ನೋಂದಣಿ ಕಚೇರಿಯವರು ಅವರ ಹೆಸರನ್ನು ತಡಮಾಡದೆ ತೆಗೆದರು, ಎಂದೂ ಮಾತಾಡಿಸದ ನೆಂಟರೂ ಬಂದು ಸಾವಿನ ಮನೆಗೆ ಕೊಡುವ ಹಣದ ಬಿಳಿ ಲಕೋಟೆ ಕೊಟ್ಟು ಹೋದರು. ಇಡೀ ಊರಿಗೆ ತಿಳಿದ ಸುದ್ದಿ, ಅವರು ಕುಳಿತಿದ್ದ ಕುರ್ಚಿಗೆ ಎದುರಾಗಿದ್ದ ತಮಗೊಬ್ಬರಿಗೇ ತಿಳಿಯಲಿಲ್ಲ. ನಾನು "ಇಲ್ಲ" ಎಂಬ ಕೀಲಿ ಒತ್ತಿ ಹಿಂದೆ ಸರಿದೆ. ಗಂಡ ಬರೆಯುತ್ತಿರುವಾಗ ನಡುವೆ ಕೈಹಾಕುವ ಹೆಂಗಸು ನಾನಲ್ಲ. ಮರುದಿನವೂ ಕೇಳಿದಿರಿ, ಮರುದಿನವೂ ಸರಿದೆ. ಬೇಗನೆ ಅದೇ ನನ್ನ ಮುಂಜಾನೆಯ ಪೂಜೆಯಾಯಿತು.

ತಮ್ಮ ಇತರ ಗುಣಗಳನ್ನೂ ಬೇರೊಂದು ಖಾಲಿ ಕಡತದಲ್ಲಿ ಪರೀಕ್ಷಿಸಿದ್ದೇನೆ. ಹುಡುಕುವ ಗುಣವಿದೆಯಲ್ಲ, ಅಲ್ಲಿ ಅವರ ಹೆಸರು ಬರೆದು ಹುಡುಕಿಸಿದೆ. ಸಿಗಲಿಲ್ಲವೆಂದಿರಿ. ಮಾಡಿದ್ದನ್ನು ಹಿಂದಕ್ಕೆ ಪಡೆಯುವ ಗುಣವನ್ನು ಒತ್ತಿದೆ. "ಹಿಂದಕ್ಕೆ ಪಡೆಯಲು ಏನೂ ಇಲ್ಲ" ಎಂದಿರಿ. ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ನಿಖರವಾಗಿ ಸಂತಾಪ ಸೂಚಿಸಿದವರು ಬೇರೆ ಯಾರೂ ಇಲ್ಲ.

ಇತ್ತ ಮಾರುಕಟ್ಟೆಯಲ್ಲಿ ದಿನವೂ ನಾಳೆ ನೀರಿಲ್ಲ. ಹೊಸಬರು ಬೋರ್ಡು ನೋಡಿ ಬಕೆಟ್ಟು ತುಂಬಿದರು, ಹಳಬರು ನೋಡುವುದನ್ನೇ ಬಿಟ್ಟರು. ಮಾರುಕಟ್ಟೆ ಸಂಘದ ಅಧ್ಯಕ್ಷ ಹೌ ಕಡುಬು ತಿನ್ನುವ ನೆವದಲ್ಲಿ ಬಂದು, "ಅತ್ತಿಗೆ, ಈ ನಾಳೆ ಅನ್ನೋದು ಯಾವತ್ತು ಬರುತ್ತೆ?" ಎಂದ. ಕಂಪ್ಯೂಟರ್ ಬಲ್ಲ ತನ್ನ ಅಳಿಯನನ್ನೂ ಕರೆತಂದ. ಅವನು ಕುರ್ಚಿಯಲ್ಲಿ ಕೂರುವ ಮೊದಲೇ, "ಏನಿಲ್ಲ ಅತ್ತೆ, ಕರೆಂಟು ಹೋದಾಗ ಒಂದು ಬೀಗದ ಕಡತ ಉಳ್ಕೊಂಡಿದೆ. ಒಳಗೆ ಯಾರೂ ಇಲ್ಲ, ಅಳಿಸಿದ್ರೆ ಮುಗೀತು," ಎಂದ. ಅವನ ಕೈಗೆ ಬಿಸಿ ಕಡುಬು ಕೊಟ್ಟು ಹೊರಗೆ ಕಳಿಸಿದೆ.

ಎದುರಿನ ಮೀನಿನಂಗಡಿಯ ಅಹೂನ್ ಅಕ್ಕನ ರೋಗನಿರ್ಣಯ ಬೇರೆ. ಯಂತ್ರ ಹಟ ಮಾಡಬಾರದೆಂದು ನಮ್ಮ ಕಡೆ ಎಲ್ಲರೂ ಇಡುವ ಹಾಗೆ ನಮ್ಮವರೂ ಕಂಪ್ಯೂಟರಿನ ತಲೆಯ ಮೇಲೆ ಹಸಿರು ಪೊಟ್ಟಣದ ಜೋಳದ ತಿಂಡಿ ಇಟ್ಟಿದ್ದರು. "ಅಯ್ಯೋ ಮಾರಾಯ್ತಿ, ತಾರೀಖು ಮುಗಿದ ಪೊಟ್ಟಣ ಇಟ್ಕೊಂಡು ಯಂತ್ರ ಮಾತು ಕೇಳಲಿಲ್ಲ ಅಂದ್ರೆ ಹೇಗೆ?" ಎಂದು ಅವಳೇ ಹೊಸದು ತಂದಿಟ್ಟಳು. ತಾವು ತಿಂಡಿಗೆ ಬಗ್ಗುವವರಲ್ಲ. ಕುನ್‌ಶಾನ್ ತಿದ್ದುತ್ತಲೇ ಇದ್ದರು.

ಕೊನೆಗೆ, ಸತ್ತವರಿಗೆ ತಲುಪಲೆಂದು ಸುಡುವ ಕಾಗದದ ಮನೆ, ಕಾಗದದ ಕಾರು ಮಾಡಿಕೊಡುವ ಅಂಗಡಿಗೆ ಹೋಗಿ, ಅವರಿಗೆ ಸುಟ್ಟು ಕಳಿಸಲು ಕಾಗದದ ಕಂಪ್ಯೂಟರ್ ಕೇಳಿದೆ. ಅಂಗಡಿಯವನು, "ಹೊಸ ಮಾಡೆಲ್ ತಗೊಳ್ಳಿ ಅಮ್ಮ, ಅಣ್ಣೋರು ಅಲ್ಲಿ ಸಿನಿಮಾ ನೋಡ್ಲಿ," ಎಂದ. ಹಳೆಯದೇ ಸಾಕು, ಪರದೆ ಕಪ್ಪಗಿರಲಿ, ಬುಡದಲ್ಲಿ ಹೊರಹೋಗುವ ಕೀಲಿಯ ಹೆಸರಿರಲಿ ಎಂದೆ. ಆ ಕಡೆಯಿಂದ ಅವರು ಸಾಲು ಮುಗಿಸಿ ಹೊರಬರಲೆಂದು ನನ್ನ ಆಸೆ. ಬೂದಿಯಾಗಿ ಎಷ್ಟೋ ಕಾಲವಾಯಿತು. ರೆಪ್ಪೆ ಮಿಟುಕಿಸುವುದರೊಳಗೆ ಏಳುವ ತಾವು ಅದು ತಲುಪಿತೋ ಇಲ್ಲವೋ ಎಂದು ಇಂದಿಗೂ ತಿಳಿಸಿಲ್ಲ.

ಆಮೇಲೆ ನಿಜವಾಗಿಯೂ ಒಂದು ದಿನ ನೀರು ನಿಂತಿತು. ಹಿಂದಿನ ಸಂಜೆ ಪ್ರಕಟಣೆ ಬಂದದ್ದೇ ಹೌ ಅಂಗಡಿ ಅಂಗಡಿಗೆ ಹೇಳುತ್ತಾ ಓಡಾಡಿದ್ದ. "ಬೋರ್ಡು ದಿನಾ ಹೇಳುತ್ತೆ, ಇವತ್ತು ನೀನೂ ಶುರು ಮಾಡಿದ್ಯಾ?" ಎಂದು ನಕ್ಕರೇ ಹೊರತು ಯಾರೂ ಒಂದು ಚೊಂಬು ನೀರು ಹಿಡಿಯಲಿಲ್ಲ. ಬೋರ್ಡು ಅಷ್ಟು ದಿನ ಸುಳ್ಳು ಹೇಳಿ ಆ ಒಂದು ದಿನ ನಿಜ ಹೇಳಿತ್ತು. ಮರುದಿನ ಬಿಸಿಲೇರುತ್ತಲೇ ಅಹೂನ್ ಅಕ್ಕನ ಮೀನು ವಾಸನೆ ಹೊಡೆಯಿತು, ಅಷ್ಟನ್ನೂ ಚೆಲ್ಲಿದಳು. ತೊಳೆಯಲು ನೀರಿಲ್ಲದೆ ಮೀನಿನ ಹುರುಪೆ ಅಂಟಿದ ಕೈಯಲ್ಲೇ ನನ್ನ ಮುಂದೆ ಬಂದು ನಿಂತಳು. ಬೈಯುತ್ತಾಳೆಂದು ಕಾದೆ.

"ನಿನ್ನ ಮೇಲೆ ಸಿಟ್ಟಿಲ್ಲ ಕಣೇ," ಎಂದಳು. "ಒಂದು ಮಾತು ಹೇಳು. ಕುನ್‌ಶಾನ್ ಇದ್ದಿದ್ರೆ ಆ ಬೋರ್ಡು ಹೀಗೆ ಸುಳ್ಳು ಹೇಳೋಕೆ ಬಿಡ್ತಿದ್ನಾ? ಜನ ಬೋರ್ಡನ್ನ ಬೈತಿಲ್ಲ, ಅವನ ಹೆಸರು ಹಿಡಿದು ಬೈತಿದ್ದಾರೆ."

ಮಾನ್ಯರೇ, ತಾವು ಕಾಯುತ್ತಿದ್ದ ಹೆಸರನ್ನೇ ನಾನು ಕೆಡಿಸುತ್ತಿದ್ದೆ.

ಮಧ್ಯಾಹ್ನ ನೀರು ಬಂತು. ಕೆಂಪು ಹೋಗುವ ತನಕ ನಲ್ಲಿಯ ಹತ್ತಿರ ನಿಂತೆ. ಕನ್ನಡಕ ಒರೆಸಿಕೊಂಡು, ಲೋಟದಲ್ಲಿ ಹಿಡಿದು, ಬೆಳಕಿಗೆ ಎತ್ತಿ ನೋಡಿದೆ. ಆಮೇಲೆ ಒಳಗೆ ಹೋಗಿ ಅವರ ಕುರ್ಚಿಯಲ್ಲಿ ಕುಳಿತೆ. ಆದರೂ ತೆರೆಯಲೇ ಎಂದಿರಿ. ಹೌದೆಂದೆ. ಗುಡುಗಲಿಲ್ಲ, ಮತ್ತೊಮ್ಮೆ ಯೋಚಿಸೆಂದು ಹೇಳಲಿಲ್ಲ, ತೆರೆದುಬಿಟ್ಟಿರಿ. ಹಳೆಯದನ್ನು ಅಳಿಸಿ "ನೀರು ಬಂದಿದೆ, ತಿಳಿಯಾಗಿದೆ" ಎಂದು ಬರೆದು ಉಳಿಸಿದೆ. "ಒಂದು ಸಾಲು ಬರೆಯಲಾಗಿದೆ" ಎಂದು ರಸೀದಿ ಕೊಟ್ಟಿರಿ. ಮರುದಿನ ತೆರೆದಾಗ ತಾವು ಏನನ್ನೂ ಕೇಳಲಿಲ್ಲ. ಅಷ್ಟು ದಿನ ಅವರ ಹೆಸರು ಜಪಿಸಿದ ನಿಷ್ಠಾವಂತರು ಒಂದೇ ಕೀಲಿಗೆ ಮರೆತಿರಿ. ನೋಂದಣಿ ಕಚೇರಿಯವರಾದರೂ ನಾಲ್ಕು ಸಹಿ ಕೇಳಿದ್ದರು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಆವೃತ್ತಿಯಲ್ಲಿ ದಯವಿಟ್ಟು ಸ್ವಲ್ಪ ಭಾರವಾಗಿ. ಏಳಲು ತುಸು ತಡಮಾಡಿ. ಒಬ್ಬರನ್ನು ಮರೆಯುವ ಮುನ್ನ ಒಂದು ಲೋಟ ಟೀ ಆರುವಷ್ಟು ಹೊತ್ತಾದರೂ ಹಿಂದುಮುಂದು ನೋಡುವ ಗುಣವನ್ನು ತಮ್ಮ ಗುಣಗಳ ಪಟ್ಟಿಗೆ ಸೇರಿಸಿಕೊಳ್ಳಿ. ಇದು ತಮ್ಮಿಂದಾಗದು ಎಂದು ಬಲ್ಲೆ. ಕೇಳುವುದು ಗ್ರಾಹಕಳ ಹಕ್ಕು.

ತಮ್ಮ ವಿಶ್ವಾಸಿ, ತಾವು ವಿಶ್ವಾಸಕ್ಕೆ ಯೋಗ್ಯರಲ್ಲದಿದ್ದರೂ,
ಯೇ ಶಿಯುಚಿನ್

ತಾ.ಕ.: ನಿನ್ನೆ ನಾನು ಬೋರ್ಡಿಗೆ ಹಾಲುಮೀನು ಬಂದ ಸುದ್ದಿ ಬರೆಯುತ್ತಿದ್ದಾಗ ಕರೆಂಟು ಹೋಯಿತು. ಇಂದು ಬೆಳಿಗ್ಗೆ ತೆರೆಯಹೋದರೆ ತಾವು ಮತ್ತೆ, ಕುನ್‌ಶಾನ್ ತಿದ್ದುತ್ತಿದ್ದಾರೆ, ಆದರೂ ತೆರೆಯಲೇ ಎಂದಿರಿ. ಬರೆಯುತ್ತಿದ್ದವಳು ನಾನು, ಮಹಾಜ್ಞಾನಿಗಳೇ. ಆ ಕಂಪ್ಯೂಟರಿನಲ್ಲಿ ಬಳಸುವವರೆಂದು ಇರುವುದು ಕುನ್‌ಶಾನ್ ಎಂಬ ಒಂದೇ ಹೆಸರು, ನಾನು ಅದರಲ್ಲೇ ಕುಳಿತು ಬರೆಯುತ್ತೇನೆ. ಗಂಡನೋ ಹೆಂಡತಿಯೋ ಎಂದು ಗುರುತಿಸಲಾಗದ ಕಾವಲುಗಾರರನ್ನು ಬೇರೆಲ್ಲೂ ಕಂಡಿಲ್ಲ. ಟೀ ಆರುವ ತನಕ ಉತ್ತರ ಕೊಡದೆ ಕುಳಿತಿದ್ದು, ಆಮೇಲೆ ಹೌದೆಂದೆ. ಈ ದೋಷವನ್ನು ಯಾವ ಕಾರಣಕ್ಕೂ ಸರಿಪಡಿಸಕೂಡದು.