ಬಾಯ್ಲರ್ ಪಕ್ಕದಲ್ಲಿ ಧ್ಯಾನ

ನಾನು ಅಂಜುಬುರುಕ. ಇದನ್ನು ಮೊದಲೇ ಒಪ್ಪಿಕೊಂಡರೆ ಮುಂದಿನದನ್ನು ಹೇಳಲು ನನಗೂ ಹಗುರ, ಕೇಳಲು ನಿಮಗೂ ಹಗುರ. ಉಳಿದವರು ಒಂದೋ ಎರಡೋ ವಿಷಯಕ್ಕೆ ಅಂಜುತ್ತಾರೆ. ಕೆಲವರಿಗೆ ಹಾವು, ಕೆಲವರಿಗೆ ಸೂಜಿ, ಕೆಲವರಿಗೆ ಮಾವನ ಮನೆ. ನನಗೆ ಅಂಥ ಆಯ್ಕೆಯ ಭಾಗ್ಯವಿಲ್ಲ. ಫೋನ್ ಬಂದರೆ ಯಾಕೆ ಬಂತೋ ಎಂಬ ಅಂಜಿಕೆ, ಬಾರದಿದ್ದರೆ ಯಾಕೆ ಬರಲಿಲ್ಲವೋ ಎಂಬ ಅಂಜಿಕೆ. ಮದುವೆ ಊಟಕ್ಕೆ ಕುಳಿತರೆ ಮೇಲಿನ ಫ್ಯಾನು ನೇರವಾಗಿ ನನ್ನ ಎಲೆಯ ಮೇಲೆಯೇ ಇದೆಯೆಂದು ಕಾಣುತ್ತದೆ. ಇದು ಹುಟ್ಟಿನಿಂದ ಬಂದದ್ದೋ ಉದ್ಯೋಗದಿಂದ ಬಂದದ್ದೋ ಹೇಳಲಾರೆ. ಆದರೆ ಉದ್ಯೋಗದ ಪಾಲು ದೊಡ್ಡದು ಎಂದು ನನ್ನ ಅನುಮಾನ.

ಸಿಂಧನೂರಿನಿಂದ ಗೊರೇಬಾಳದ ಕಡೆಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಅಕ್ಕಿ ಗಿರಣಿ ಇದೆ. ಭತ್ತವನ್ನು ಕುದಿಸಿ, ಅಂಗಳದಲ್ಲಿ ಹರವಿ ಒಣಗಿಸಿ, ಆಮೇಲೆ ಅಕ್ಕಿ ಮಾಡುತ್ತೇವೆ. ಕುದಿಸಲು ಉಗಿ ಬೇಕು, ಉಗಿಗೆ ಬಾಯ್ಲರ್ ಬೇಕು. ಕೆಳಗೆ ಹೊಟ್ಟಿನ ಬೆಂಕಿ, ಮೇಲೆ ಕಬ್ಬಿಣದ ಹೊಟ್ಟೆಯ ತುಂಬ ನೀರು. ನೀರು ಎಷ್ಟಿದೆ ಎಂದು ತೋರಿಸಲು ಪಕ್ಕದಲ್ಲಿ ಒಂದು ಗೇಣುದ್ದದ ಗಾಜಿನ ಕೊಳವೆ. ನೀರು ತುಂಬಲು ಬೆಲ್ಟಿನಿಂದ ಓಡುವ ಒಂದು ಹಳೇ ಪಂಪು. ಅದು ದಿನವಿಡೀ ಟಕ್ ಟಕ್ ಎನ್ನುತ್ತಿರುತ್ತದೆ. ಕೆಳಗೆ ಬೆಂಕಿ ಉರಿಯುತ್ತಿರುವಾಗ ಮೇಲೆ ನೀರು ತೀರಿಹೋದರೆ ಏನಾಗುತ್ತದೆ ಎಂಬುದನ್ನು ನಾನು ಬರೆಯುವುದಿಲ್ಲ. ಬರೆಯಲೂ ಅಂಜಿಕೆ. ನನ್ನ ಆಫೀಸು ಕೋಣೆಯಿಂದ ಬಾಯ್ಲರಿಗೆ ಮೂವತ್ತು ಹೆಜ್ಜೆ. ಓಡಿದರೆ ಹದಿನಾರು. ಎರಡನ್ನೂ ನಾನು ಬೇಕಾದಷ್ಟು ಸಲ ಅಳೆದಿದ್ದೇನೆ.

ಆ ಬಾಯ್ಲರಿನ ಮುಂದೆ ಇಪ್ಪತ್ತು ವರ್ಷಗಳಿಂದ ನಿಂತಿರುವವನು ಖಾಜಾಸಾಬ. ನನಗಿಂತ ಎರಡು ವರ್ಷಕ್ಕೆ ದೊಡ್ಡವನು, ಮಾತು ಕಡಿಮೆ, ಬಾಯಲ್ಲಿ ಸದಾ ಒಂದು ಅಡಿಕೆ ಚೂರು. ಗಿರಣಿ ಹೋದರೆ ಹೋಗಲಿ ಎಂದು ಎಷ್ಟೋ ಸಲ ಮನಸ್ಸು ಗಟ್ಟಿ ಮಾಡಿಕೊಂಡಿದ್ದೇನೆ. ಖಾಜಾಸಾಬನ ವಿಷಯದಲ್ಲಿ ಮಾತ್ರ ಅದು ಗಟ್ಟಿಯಾಗುವುದಿಲ್ಲ. ರಂಜಾನ್ ಹಬ್ಬಕ್ಕೆ ಅವನ ಹೆಂಡತಿ ನಮ್ಮ ಮನೆಗೆ ಡಬ್ಬಿ ತುಂಬ ಶಾವಿಗೆ ಪಾಯಸ, ಅವರ ಸುರಕುಂಬಾ, ಕಳಿಸುತ್ತಾಳೆ. ಎಲ್ಲರೂ ಅದನ್ನು ಸವಿಯುವಾಗ ನಾನು ಡಬ್ಬಿ ನೋಡುತ್ತ, ನಾಳೆ ಏನಾದರೂ ಆದರೆ ಇದನ್ನು ಯಾವ ಮುಖ ಹೊತ್ತು ತಿರುಗಿ ಕೊಡಲಿ ಎಂದು ಯೋಚಿಸುತ್ತಿರುತ್ತೇನೆ. ಆದ್ದರಿಂದ ಗಿರಣಿಯ ಸದ್ದಿನಲ್ಲಿ ಒಂದು ಎಳೆ ಹೆಚ್ಚುಕಡಿಮೆಯಾದರೂ ನಾನು ಎದ್ದು ಓಡುತ್ತಿದ್ದೆ. ಚಪ್ಪಲಿ ಹಾಕಿಕೊಳ್ಳದೆ ಓಡಿದ್ದೇನೆ, ಊಟದ ಕೈಯಲ್ಲಿ ಓಡಿದ್ದೇನೆ, ಒಮ್ಮೆ ಅರ್ಧ ಗಡ್ಡಕ್ಕೆ ಸೋಪು ಬಳಿದುಕೊಂಡೇ ಓಡಿದ್ದೇನೆ. ಹೆಚ್ಚಿನ ಸಲ ಏನೂ ಆಗಿರುತ್ತಿರಲಿಲ್ಲ. ಖಾಜಾಸಾಬ ನನ್ನನ್ನು ನೋಡಿ, "ಆರಾಮ ಐತ್ರಿ ಸಾವುಕಾರ್ರ, ಹೋಗ್ರಿ" ಎನ್ನುತ್ತಿದ್ದ. ನಾನು ಬಂದ ದಾರಿಯಲ್ಲಿ ನಡೆದುಕೊಂಡು ಹೋಗುತ್ತಿದ್ದೆ. ಮೂವತ್ತು ಹೆಜ್ಜೆ.

ಹೀಗೆ ಓಡಿ ಓಡಿ ರಕ್ತದೊತ್ತಡ ಏರಿತು. ನನ್ನ ಹೆಂಡತಿ ಗಿರಿಜಾಳ ತವರು ಲಿಂಗಸುಗೂರು. ಅಲ್ಲಿಯ ಡಾಕ್ಟರು ನೋಡಿದ ಹೊರತು ಅವಳ ದೃಷ್ಟಿಯಲ್ಲಿ ಯಾವ ರೋಗವೂ ರೋಗವಲ್ಲ. ಕರೆದುಕೊಂಡು ಹೋದಳು. ಡಾಕ್ಟರು ನನ್ನನ್ನು ಮಲಗಿಸಿ ತೋಳಿಗೆ ಪಟ್ಟಿ ಕಟ್ಟಿ ಗಾಳಿ ಹಾಕುತ್ತಿದ್ದರು. ಆಗಲೇ ಪಕ್ಕದ ಪಂಕ್ಚರ್ ಅಂಗಡಿಯಲ್ಲಿ ಯಾರೋ ಟ್ಯೂಬಿನ ಗಾಳಿ ಬಿಟ್ಟರು. ಸುಸ್ಸ್ ಎಂದಿದ್ದಷ್ಟೇ ಗೊತ್ತು. ಪಟ್ಟಿ, ನಳಿಕೆ, ಯಂತ್ರ ಸಮೇತ ನಾನು ಬಾಗಿಲಲ್ಲಿದ್ದೆ. ಡಾಕ್ಟರು ಯಂತ್ರವನ್ನು ನನ್ನ ಕೈಯಿಂದ ಬಿಡಿಸಿಕೊಂಡು, "ಗುಳಿಗಿ ಬರದುಕೊಡತೀನಿ. ಆದ್ರ ನಿಮಗ ಗುಳಿಗಿಕಿಂತ ಧ್ಯಾನ ಜರೂರ್ ಐತಿ ನೋಡ್ರಿ" ಎಂದರು. ಮಸ್ಕಿಯಲ್ಲಿ ಮೂರು ದಿನದ ಶಿಬಿರ ನಡೆಯಲಿದೆಯೆಂದೂ, ಅದು ವ್ಯಾಪಾರಸ್ಥರಿಗಾಗಿಯೇ ಇರುವುದೆಂದೂ ಅವರೇ ಹೇಳಿದರು.

ಬಸ್ಸಿನಲ್ಲಿ ಬರುತ್ತ ಗಿರಿಜಾ ಕೇಳಿದಳು: "ದಿನಾ ಮುಂಜಾನೆ ಅಂಗೈಯಾಗ ಲಿಂಗ ಹಿಡಕೊಂಡು ಕುಂದರತೀರಲ್ಲ, ಅದೇನ್ ಮತ್ತ?"

"ಅದು ಪೂಜಾ" ಎಂದೆ.

"ಪೂಜಾ ಹೌದು. ಕಣ್ಣು ಲಿಂಗದ ಮ್ಯಾಲ, ಕಿವಿ ಗಿರಣಿ ಮ್ಯಾಲ. ಆ ಕಿವಿ ಅಷ್ಟು ಮಸ್ಕಿಯೊಳಗ ಬಿಟ್ಟು ಬರ್ರಿ, ನಿಮಗ ಪುಣ್ಯ ಬರತೈತಿ."

ಶಿಬಿರ ಮಸ್ಕಿಯ ಬೆಟ್ಟದ ಮಗ್ಗುಲಿನ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ಕಲಿಸುವವರು ಅಮರಪ್ಪ ಮಾಸ್ತರು, ನಿವೃತ್ತ ಹೈಸ್ಕೂಲು ಶಿಕ್ಷಕರು. ಜಮಖಾನದ ಮೇಲೆ ಬೀಜದಂಗಡಿಯವರು, ಟ್ರ್ಯಾಕ್ಟರ್ ಬಿಡಿಭಾಗದವರು, ಬಟ್ಟೆಯಂಗಡಿಯವರು ಎಲ್ಲರೂ ಫೋನನ್ನು ತೊಡೆಯ ಕೆಳಗೆ ಬಚ್ಚಿಟ್ಟು ಕುಳಿತಿದ್ದೆವು. ಮೊದಲ ದಿನ ಮಾಸ್ತರು ಪ್ರತಿಯೊಬ್ಬರ ಅಂಗೈಗೆ ಒಂದೊಂದು ಒಣದ್ರಾಕ್ಷಿ ಕೊಟ್ಟರು. ಅದನ್ನು ನೋಡಬೇಕು, ಮುಟ್ಟಬೇಕು, ಮೂಸಬೇಕು, ಕಣ್ಣು ಮುಚ್ಚಿ ನಿಧಾನವಾಗಿ ಕಚ್ಚಬೇಕು, ಪೂರ್ತಿ ಮನಸ್ಸು ಅದರ ಮೇಲೆಯೇ ಇರಬೇಕು. ನನಗೆ ಬಹಳ ಖುಷಿಯಾಯಿತು. ಬಳಗಾನೂರು, ಜವಳಗೇರಾದಿಂದ ಭತ್ತದ ಟ್ರ್ಯಾಕ್ಟರು ಬಂದಾಗಲೆಲ್ಲ ಚೀಲಕ್ಕೆ ಕೈ ಹಾಕಿ, ಒಂದೇ ಕಾಳು ತೆಗೆದು, ಕಣ್ಣು ಮುಚ್ಚಿ, ಬಲಗಡೆಯ ದವಡೆಯಲ್ಲಿ ಕಚ್ಚಿ ನೋಡುವುದು ನನ್ನ ಕಸುಬು. ಕಟ್ ಎಂದರೆ ಒಣಗಿದೆ, ಮೆತ್ತಗೆ ಮುರಿದರೆ ಇಲ್ಲ. ಎಲ್ಲರೂ ಇನ್ನೂ ದ್ರಾಕ್ಷಿಯನ್ನು ಮೂಸುತ್ತಿರುವಾಗಲೇ ನನ್ನ ದವಡೆ ಕೆಲಸ ಮುಗಿಸಿತು.

"ಏನನಿಸ್ತು ಹೇಳ್ರಿ" ಎಂದರು ಮಾಸ್ತರು.

"ಹಸಿ ಐತ್ರಿ" ಎಂದೆ. "ಇನ್ನೂ ಎರಡು ಬಿಸಿಲು ಬೇಕು."

ಮಂಟಪ ನಕ್ಕಿತು. ಮಾಸ್ತರು ನಗಲಿಲ್ಲ. ನನ್ನ ಪಕ್ಕ ಬಂದು ಕುಳಿತು, "ಗಮನ ನಿಮಗ ಐತಿ. ಅದರ ಹಿಂದ ಅಂಜಿಕಿ ನಿಂತೈತಿ" ಎಂದರು. ಅವರು ಹೇಳಿಕೊಟ್ಟದ್ದು ಇಷ್ಟು: ಸದ್ದು ಬರುತ್ತದೆ, ಹೋಗುತ್ತದೆ, ಅದರ ಬೆನ್ನು ಹತ್ತಬಾರದು. ಎರಡು ಸದ್ದಿನ ನಡುವೆ ಒಂದು ಮೌನ ಇರುತ್ತದೆ, ಅದನ್ನು ಹುಡುಕಬೇಕು. ಆ ಮೌನ ಸಿಕ್ಕ ದಿನ ಅಂಜಿಕೆ ತಾನಾಗಿ ಬಿಡುತ್ತದೆ. ಸುಲಭವೆನಿಸಿತು. ಮಸ್ಕಿಯಲ್ಲಿ ಬಾಯ್ಲರ್ ಇರಲಿಲ್ಲವಲ್ಲ.

ಊರಿಗೆ ಬಂದವನು ದಿನಾ ಮಧ್ಯಾಹ್ನ ಮೂರಕ್ಕೆ ಆಫೀಸು ಕೋಣೆಯಲ್ಲಿ ಕೂರತೊಡಗಿದೆ. ಬಾಗಿಲಿಗೆ ರಟ್ಟಿನ ಬೋರ್ಡು ತೂಗಿಸಿದೆ: ಧ್ಯಾನ ನಡೆದಿದೆ, ಒಳಗೆ ಬರಬೇಡಿ. ಮೊದಮೊದಲು ಮೊಬೈಲಿನಲ್ಲಿ ಧ್ಯಾನ ಮಾಡಿಸುವ ಒಂದು ಧ್ವನಿಮುದ್ರಣ ಹಚ್ಚಿಕೊಂಡೆ. ಜೇನಿನಂಥ ದನಿಯ ಹೆಣ್ಣುಮಗಳು, ನೀವು ನದಿಯ ದಂಡೆಯಲ್ಲಿದ್ದೀರಿ ಎಂದಳು. ನಾನು ಕಾಲುವೆಯ ದಂಡೆಯಲ್ಲಿ ಕೂತುಕೊಂಡೆ. ನೀರು ಹರಿಯುತ್ತಿದೆ ಎಂದಳು. ಕೊನೆಯ ಗದ್ದೆಗಳಿಗೆ ಮುಟ್ಟುತ್ತದೋ ಇಲ್ಲವೋ ಎಂದು ಚಿಂತೆಯಾಯಿತು, ಆದರೂ ಸಹಿಸಿಕೊಂಡೆ. ಆಮೇಲೆ ಅವಳು ಎಚ್ಚರಿಕೆಯನ್ನೇ ಕೊಡದೆ ಮಳೆ ಸುರಿಸಿಬಿಟ್ಟಳು. ಹನಿಗಳ ಸದ್ದು ಕಿವಿಗೆ ಬಿತ್ತು. ಹೊರಗೆ ಅಂಗಳದ ತುಂಬ ಕುದಿಸಿದ ಭತ್ತ ಹರವಿದೆ. "ತಾಡಪಲ್ ಎಳೀರಲೇ" ಎಂದು ಕೂಗುತ್ತ ನಾನು ಹೊರಗೆ ಬಂದೆ. ಅಂಗಳದಲ್ಲಿದ್ದ ಹೆಣ್ಣಾಳುಗಳು, ಹಮಾಲರು, ಖಾಜಾಸಾಬ, ಎಲ್ಲರೂ ಒಂದು ಮಾತೂ ಕೇಳದೆ ಓಡಿ ತಾಡಪಲ್ ಎಳೆದು ಭತ್ತ ಮುಚ್ಚಿದರು. ಎಲ್ಲ ಮುಗಿದ ಮೇಲೆ ಒಬ್ಬಳು ತಲೆಯೆತ್ತಿ ನೋಡಿದಳು. ಆಕಾಶದಲ್ಲಿ ಒಂದು ಹಿಡಿ ಮೋಡವೂ ಇರಲಿಲ್ಲ, ಬಿಸಿಲು ನೆತ್ತಿ ಸುಡುತ್ತಿತ್ತು. ತಾಡಪಲ್ ಮತ್ತೆ ಸುತ್ತಿಟ್ಟು ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋದರು. ನಾನು ಓಡಿದರೆ ತಾವೂ ಓಡುವುದು ಅವರಿಗೆ ಅಷ್ಟು ರೂಢಿಯಾಗಿತ್ತು. ಅದನ್ನು ನಾನು ಆಗಲೇ ಗಮನಿಸಬೇಕಿತ್ತು.

ಮೊಬೈಲು ಬಿಟ್ಟೆ. ಗಿರಣಿಯ ಸದ್ದಿನಲ್ಲೇ ಧ್ಯಾನ ಮಾಡುವುದೆಂದು ನಿಶ್ಚಯಿಸಿದೆ. ಭತ್ತವನ್ನು ಮೇಲಕ್ಕೆ ಎತ್ತುವ ಎಲಿವೇಟರಿನ ಗರಗರ ಬಂತು, ಹೋಯಿತು. ಜರಡಿಯ ಸದ್ದು ಬಂತು, ಹೋಯಿತು. ಪಂಪಿನ ಟಕ್ ಟಕ್ ಮಾತ್ರ ಬಂತು, ಹೋಗಲಿಲ್ಲ. ಅದು ನನ್ನ ಎದೆಯ ಒಳಗೇ ಬಡಿಯುತ್ತಿತ್ತು. ಪ್ರತಿ ಟಕ್ ಆದ ಮೇಲೆ ಮುಂದಿನ ಟಕ್ ಬರುತ್ತದೋ ಇಲ್ಲವೋ ಎಂದು ಕಾಯುತ್ತಿದ್ದೆ, ಬಂದರೆ ಉಸಿರು ಬಿಡುತ್ತಿದ್ದೆ. ಮಾಸ್ತರಿಗೆ ಫೋನು ಮಾಡಿದೆ. "ಬೆನ್ನ ಹತ್ತಬ್ಯಾಡ್ರಿ. ತಾನ ಒಂದಿನ ಬಿಡತೈತಿ" ಎಂದರು. ಹತ್ತು ದಿನ ಹೀಗೇ ಹಲ್ಲು ಕಚ್ಚಿ ಕುಳಿತೆ.

ಹನ್ನೊಂದನೆಯ ದಿನ ಅದು ಬಿಟ್ಟಿತು. ಕುಳಿತು ಸ್ವಲ್ಪ ಹೊತ್ತಾಗಿತ್ತು. ಇದ್ದಕ್ಕಿದ್ದಂತೆ ಒಳಗೆಲ್ಲ ತಿಳಿಯಾದಂತಾಯಿತು. ಎಲಿವೇಟರು ಎಲ್ಲೋ ದೂರದಲ್ಲಿ ಗರಗರ ಎನ್ನುತ್ತಿತ್ತು, ಆದರೆ ಎದೆಯ ಮೇಲಿನ ಬಡಿತ ಇರಲಿಲ್ಲ. ಟಕ್ ಇಲ್ಲ. ಅದರ ಜಾಗದಲ್ಲಿ ಮಾಸ್ತರು ಹೇಳಿದ ಮೌನ. ಹಳೆಯ ನಾನಾಗಿದ್ದರೆ ಆ ಕ್ಷಣದಲ್ಲೇ ಎದ್ದಿರುತ್ತಿದ್ದೆ. ಕಾಲು ಒಮ್ಮೆ ಮಿಸುಕಿತು ಕೂಡ. ಬೆನ್ನು ಹತ್ತಬೇಡ ಎಂದು ಕಾಲಿಗೆ ಹೇಳಿದೆ. ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ ನನ್ನ ಭುಜಗಳು ಕೆಳಗಿಳಿದವು. ನಾನು ಮುಗುಳ್ನಗುತ್ತಿದ್ದೆ ಎಂದು ಆಮೇಲೆ ತಿಳಿಯಿತು.

ಕಣ್ಣು ತೆರೆಸಿದ್ದು ಹೆಣ್ಣಾಳುಗಳ ಕೂಗು. ಹೊರಗೆ ಬಂದರೆ ಬಾಯ್ಲರಿನ ಮುಂದೆ ನೆಲದ ತುಂಬ ಕೆಂಡ, ಹೊಗೆ. ಖಾಜಾಸಾಬ ಉದ್ದ ಸಲಿಕೆಯಿಂದ ಒಲೆಯ ಬೆಂಕಿಯನ್ನೆಲ್ಲ ಹೊರಗೆಳೆದು ಹಾಕುತ್ತಿದ್ದ. ಪಂಪಿನ ಬೆಲ್ಟು ಹರಿದು ನೆಲದ ಮೇಲೆ ಬಿದ್ದಿತ್ತು. ಗಾಜಿನ ಕೊಳವೆಯಲ್ಲಿ ನೀರು ಕಾಣಲಿಲ್ಲ. ನನ್ನ ಕಾಲುಗಳು ಓಡುವುದನ್ನೇ ಮರೆತವು. ಆ ಮೂವತ್ತು ಹೆಜ್ಜೆಗಳನ್ನು ನಾನು ಹೇಗೆ ದಾಟಿದೆನೋ ಇವತ್ತಿಗೂ ಗೊತ್ತಿಲ್ಲ. ನಾನು ಮುಟ್ಟುವಷ್ಟರಲ್ಲಿ ಕೊನೆಯ ಸಲಿಕೆ ಹೊರಬಂದಿತ್ತು. ಬಾಯ್ಲರ್ ಉಳಿಯಿತು, ನಾವೂ ಉಳಿದೆವು. ಖಾಜಾಸಾಬನ ಎಡಗೈ ಮಾತ್ರ ಮೊಣಕೈಯವರೆಗೆ ಬೊಬ್ಬೆ ಎದ್ದಿತ್ತು.

ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಿ ಬೆಂಚಿನ ಮೇಲೆ ಅವನ ಪಕ್ಕ ಕುಳಿತೆ. ನನಗೆ ಅಳು ಬಂದಿತ್ತು, ನಾಚಿಕೆ ಅದಕ್ಕಿಂತ ಹೆಚ್ಚು ಬಂದಿತ್ತು. "ಪಂಪು ನಿಂತದ್ದು ನನಗ ಕೇಳಿಸಿತ್ತು ಖಾಜಾ. ಅದು ಧ್ಯಾನ ಅಂದ್ಕೊಂಡೆ" ಎಂದೆ.

ಅವನು ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಆಮೇಲೆ ಹೇಳಿದ: "ಭತ್ತದ ತೊಟ್ಟಿ ವಾಲ್ವ್ ಸಿಕ್ಕೊಂಡಿತ್ರಿ, ಅಲ್ಲಿ ಹೋಗಿದ್ದೆ. ಎಲಿವೇಟರ್ ಗದ್ದಲದಾಗ ನನಗ ಪಂಪು ಕೇಳಸೂದಿಲ್ಲ. ಒಮ್ಮೆ ಅನುಮಾನ ಬಂತು. ಕಿಡಕಿಯಾಗ ನಿಮ್ಮನ್ನ ನೋಡಿದೆ. ಕಣ್ಣು ಮುಚ್ಚಿ ನಗಾಕತ್ತಿದ್ರಿ. ಏನಾರ ಆಗಿದ್ರ ನೀವು ಯಾವಾಗೋ ಓಡಿ ಬರ್ತಿದ್ರಿ, ಏನೂ ಆಗಿಲ್ಲ ಅಂತ ವಾಲ್ವ್ ಕೆಲಸ ಮುಗಿಸಿ ಬಂದೆ."

ಬಲಗೈಯಿಂದ ಜೇಬು ತಡಕಿ ಒಂದು ಅಡಿಕೆ ಚೂರು ಬಾಯಿಗೆ ಹಾಕಿಕೊಂಡ.

"ಇಪ್ಪತ್ತು ವರ್ಷ ನೀವು ನನ್ನ ಪಾಲಿಂದೂ ಸೇರಿಸಿ ಅಂಜತಿದ್ರಿ ಸಾವುಕಾರ್ರ. ಅದಕ್ಕ ನಾ ಆರಾಮ ಇದ್ದೆ" ಎಂದ.

ಬೆಲ್ಟು ಹೊಸದಾಯಿತು, ನೀರು ಇಳಿದರೆ ಕೂಗುವ ಗಂಟೆಯನ್ನೂ ಕೂಡಿಸಿದೆ, ಬಾಗಿಲಿನ ಬೋರ್ಡನ್ನು ಅದೇ ಒಲೆಗೆ ಹಾಕಿದೆ. ಧ್ಯಾನವನ್ನೂ ಬಿಟ್ಟೆ. ಖಾಜಾಸಾಬ ಕೈಯ ಗಾಯ ಮಾಗಿ ಕೆಲಸಕ್ಕೆ ಬಂದವನು ಮೂರು ಗಂಟೆಗೆ ನಾನು ಅತ್ತಿತ್ತ ತಿರುಗುವುದನ್ನು ಎರಡು ದಿನ ನೋಡಿದ. ಮೂರನೆಯ ದಿನ ತಾನೇ ಬಂದ. "ಬಿಡಬ್ಯಾಡ್ರಿ. ಆವತ್ತು ನಿಮ್ಮ ಮುಖ ಛಲೋ ಕಾಣತಿತ್ತು. ನೀವು ಕುಂತಷ್ಟು ಹೊತ್ತು ನಾ ಅಂಜತೀನಿ. ಕುಂದರೂ ಮುಂದ ಒಂದು ಮಾತು ಹೇಳ್ರಿ, ಅಷ್ಟ" ಎಂದ. ಅಂದಿನಿಂದ ಪಾಳಿ ಶುರುವಾಯಿತು. ನಾನು ಬಾಯ್ಲರಿನ ತನಕ ಹೋಗಿ, "ಖಾಜಾ, ಇನ್ನ ನಿಂದು" ಎನ್ನಬೇಕು. ಅವನು "ಆತ್ರಿ" ಎನ್ನಬೇಕು. ಆಮೇಲೆ ನಾನು ಬಾಗಿಲು ಪೂರ್ತಿ ತೆರೆದು ಕಾಲು ಗಂಟೆ ಕೂರಬೇಕು.

ಮೊದಲ ದಿನ ಮೂರು ನಿಮಿಷಕ್ಕೇ ಒಂದು ಕಣ್ಣು ತೆರೆದೆ. ಖಾಜಾಸಾಬ ಸ್ಟೂಲಿನ ಮೇಲೆ ಬೆನ್ನು ತೋರಿಸಿ ಕುಳಿತಿದ್ದ. ಅಡಿಕೆ ಅಗಿಯುತ್ತಿದ್ದ. ಅಂಜಿಕೆಯ ಒಂದು ಲಕ್ಷಣವೂ ಕಾಣಲಿಲ್ಲ. ನನ್ನ ಕೆಲಸವನ್ನು ಇಷ್ಟು ಸಡಿಲಾಗಿ ಮಾಡುವವನಿಗೆ ವಹಿಸಿ ಕೆಟ್ಟೆನೆನಿಸಿತು.

"ಖಾಜಾ, ಅಂಜಾಕತ್ತೀಯೇನು?" ಎಂದು ಕೂತಲ್ಲಿಂದಲೇ ಕೇಳಿದೆ.

"ಹೂಂ ರೀ, ಅಂಜಾಕತ್ತೀನಿ" ಎಂದ, ತಿರುಗಿ ನೋಡದೆ.

ದನಿಯಲ್ಲಿ ನಡುಕವಿಲ್ಲ. ನಂಬಿಕೆ ಬರಲಿಲ್ಲ. ಎದ್ದು ಮೆಲ್ಲಗೆ ಅವನ ಹಿಂದೆ ಹೋಗಿ ನಿಂತೆ. ಅವನ ಕಣ್ಣು ಗಾಜಿನ ಕೊಳವೆಯನ್ನು ಬಿಟ್ಟು ಕದಲುತ್ತಿರಲಿಲ್ಲ. ಬಲಗೈ ಸ್ಟೂಲಿನ ಅಂಚನ್ನು ಬೆರಳ ಗೆಣ್ಣು ಬಿಳಿಚುವಷ್ಟು ಬಿಗಿ ಹಿಡಿದಿತ್ತು. ಗಾಯದ ಕಲೆಯಿದ್ದ ಎಡಗೈ ಒಲೆಯ ಸಲಿಕೆಯ ಹಿಡಿಯ ಮೇಲಿತ್ತು. ಓಟವಿಲ್ಲ, ಕೂಗಿಲ್ಲ, ಸೋಪು ಬಳಿದ ಗಡ್ಡವಿಲ್ಲ. ಒಬ್ಬ ಮನುಷ್ಯ ಇಷ್ಟು ಸದ್ದಿಲ್ಲದೆ, ಇಷ್ಟು ಅಚ್ಚುಕಟ್ಟಾಗಿ ಅಂಜಬಹುದು ಎಂದು ನನಗೆ ಗೊತ್ತೇ ಇರಲಿಲ್ಲ.

ತಿರುಗಿ ಬಂದು ಚಾಪೆಯ ಮೇಲೆ ಕುಳಿತೆ, ಕಣ್ಣು ಮುಚ್ಚಿದೆ. ಟಕ್ ಟಕ್ ಬಂತು, ಹೋಯಿತು. ಉಸಿರು ಬಂತು, ಹೋಯಿತು. ಎದೆ ಹಗುರಾಗುತ್ತಿದೆ ಎನ್ನುವಾಗಲೇ ಇನ್ನೊಂದು ಯೋಚನೆ ಬಂತು, ಅದು ಮಾತ್ರ ಇವತ್ತಿನವರೆಗೂ ಹೋಗಿಲ್ಲ: ಅಂಜುವ ಕೆಲಸವನ್ನೂ ಖಾಜಾಸಾಬ ನನಗಿಂತ ಚೆನ್ನಾಗಿ ಮಾಡುತ್ತಾನೆಂದ ಮೇಲೆ, ಈ ಗಿರಣಿಯಲ್ಲಿ ಇನ್ನು ನನ್ನ ಗತಿಯೇನು?